ಚಪ್ಪಲಿ ಸಾಲಿನ ಕಾವಲುಗಾರ

ಏಯ್, ರಸ್ತೆ ಆಚೆ ಬದಿಯವರೇ! ಗಾಡಿ ಸದ್ದು ನಿಲ್ಲಿಸಿ ಇತ್ತ ಸ್ವಲ್ಪ ಕಿವಿ ಕೊಡಿ. ದೊಡ್ಡಾಸ್ಪತ್ರೆ ಗೇಟಿನ ಸೀಟಿ ಮಾಮನ ಕಥೆ ಇದು.

ಮೊದಲು ಟಾಕೀಸಿನ ಗೇಟು ಕಾಯುತ್ತಿದ್ದವನು. ಸಾಲು ಮುರಿಯುವವರನ್ನು ಕಂಡರೆ ಮೈಯೆಲ್ಲ ಉರಿ, ಸೀಟಿ ಊದಿ ಊದಿಯೇ ಆ ಹೆಸರು ಬಂದದ್ದು. ರೋಗ ಹಬ್ಬಿ ಎಲ್ಲರ ಬಾಯಿಗೂ ಮಾಸ್ಕ್ ಬಿದ್ದ ಮೇಲೆ ಸೀಟಿ ಕೊರಳಲ್ಲೇ ತೂಗಾಡಿತು, ಕೈಗೆ ಕೋಲು ಬಂತು. ವಯಸ್ಸಾದವರ ಓಪಿಡಿ ಮುಂದೆ ಸುಣ್ಣದ ಚೌಕಗಳು. ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಬೇಕು. ಮಂಡಿ ಸವೆದವರು ಬಿಸಿಲಲ್ಲಿ ಎಷ್ಟು ಹೊತ್ತು ನಿಂತಾರು? ಮಾಮನೇ ದಾರಿ ಹುಡುಕಿದ: ಚೌಕದಲ್ಲಿ ಚಪ್ಪಲಿ ಇರಲಿ, ಮನುಷ್ಯರು ಮರದ ನೆರಳಲ್ಲಿ ಕೂರಲಿ. ಒಬ್ಬರು ಒಳಹೋದಾಗಲೆಲ್ಲ ಉಳಿದ ಚಪ್ಪಲಿಗಳನ್ನು ಕೋಲಿನಿಂದ ಮುಂದೆ ತಳ್ಳುತ್ತಿದ್ದ.

ಅವತ್ತು ಟೈಲರ್ ಅಜ್ಜಿ ಬಿಪಿ ಮಾತ್ರೆಗೆಂದು ಒಬ್ಬಳೇ ಬಂದಳು. ಹಳೆ ಲಂಗದ ಬಟ್ಟೆಯಲ್ಲಿ ಅವನಿಗೆ ಹೂವಿನ ಮಾಸ್ಕ್ ಹೊಲಿದುಕೊಟ್ಟವಳು ಅವಳೇ.

“ಇದನ್ನ ಹಾಕ್ಕೊಂಡ್ರೆ ನಂಗೆ ಯಾರು ಹೆದರ್ತಾರೆ ಅಜ್ಜಿ?”

“ಸೀಟಿ ಊದ್ತಿದ್ದಾಗ ಮಾತ್ರ ಯಾರು ಹೆದರ್ತಿದ್ರೋ!” ಅಜ್ಜಿ ನಕ್ಕು, ಏದುಸಿರು ಬಿಟ್ಟಳು. “ಮೈಯೆಲ್ಲ ಭಾರ ಕಣಪ್ಪ. ರಾತ್ರಿ ಕಣ್ಣೇ ಮುಚ್ಚಿಲ್ಲ.”

“ಮರಕ್ಕೆ ಒರಗ್ಕೊಳ್ಳಿ. ಸರದಿ ಬಂದಾಗ ನಾನೇ ಎಬ್ಬಿಸ್ತೀನಿ.”

ಕೊನೆಯ ಚೌಕದಲ್ಲಿ ಚಪ್ಪಲಿ ಬಿಟ್ಟು ಅಜ್ಜಿ ಒರಗಿದಳು. ಸಾಲು ಆಮೆಯಂತೆ ಸರಿಯಿತು. ಅವಳ ಹಿಂದೆ ಬಂದ ತಾತನಿಗೆ ತಾಳ್ಮೆ ಕೆಟ್ಟಿತು.

“ಆಯಮ್ಮ ಕುತ್ತಿಗೆ ವಾಲಿಸ್ಕೊಂಡು ಬಿದ್ದಿದಾರೆ. ಒಂದ್ಸಲ ಎಬ್ಬಿಸಿ ನೋಡು, ಇಲ್ಲಾ ನನ್ನನ್ನ ಮುಂದೆ ಬಿಡು.”

“ಅಜ್ಜಿ ಚಪ್ಪಲಿ ದಾಟಿದ್ರೆ ನಿಮ್ಮ ಚಪ್ಪಲಿ ಗೇಟಿನಾಚೆ ಹಾರುತ್ತೆ ತಾತ! ರಾತ್ರಿಯೆಲ್ಲ ನಿದ್ದೆಗೆಟ್ಟಿದಾರೆ ಪಾಪ. ಯಾರೂ ಮುಟ್ಬೇಡಿ.”

ಯಾರೂ ಮುಟ್ಟಲಿಲ್ಲ. ಅಜ್ಜಿಯ ಸರದಿಯನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಚಪ್ಪಲಿ ಬಾಗಿಲ ಮುಂದಿನ ಚೌಕ ಮುಟ್ಟಿತು.

“ಅಜ್ಜೀ, ಏಳಿ, ಬಂತು!”

ಕೋಲಿನಿಂದ ನೆಲ ಕುಟ್ಟಿದ. ಆಮೇಲೆ ಕೋಲು ಬಿಸಾಕಿ ಭುಜ ಹಿಡಿದು ಅಲುಗಿಸಿದ. ಅಜ್ಜಿಯ ಕೈ ತಣ್ಣಗಿತ್ತು.

ನರ್ಸ್ ಓಡಿಬಂದಳು, ನಾಡಿ ಹಿಡಿದಳು, ಕಣ್ಣರೆಪ್ಪೆ ಎತ್ತಿ ನೋಡಿದಳು.

“ಯಾವಾಗಿಂದ ಹೀಗಿದ್ರು?”

“ನಿದ್ದೆ ಮಾಡ್ತಿದ್ರು ಸಿಸ್ಟರ್.”

“ನಿದ್ದೆ ಅಲ್ವೋ ಅದು! ಉಸಿರು ಸಾಲದೆ ಹೋದ್ರೆ ಹೀಗೇ ತೂಕಡಿಸ್ತಾರೆ. ಒಂದು ಕೂಗು ಹಾಕೋಕಾಗ್ಲಿಲ್ವಾ?”

ಅಜ್ಜಿಯ ಮುಖಕ್ಕೆ ಬಟ್ಟೆ ಮುಚ್ಚಿ ಸ್ಟ್ರೆಚರ್ ಹೋಯಿತು. ಆ ಚಪ್ಪಲಿಯನ್ನು ತಳ್ಳಲು ಮುಂದೆ ಚೌಕವೇ ಇರಲಿಲ್ಲ. ಅವಸರ ಮಾಡಿದ್ದ ತಾತ ತನ್ನ ಚಪ್ಪಲಿ ಮೆಟ್ಟಿ, ಔಷಧಿಯನ್ನೂ ಕೇಳದೆ ಮನೆಗೆ ಹೋದ.

ಸಂಜೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಯಾರೋ ಮುದುಕ ತೂಕಡಿಸುತ್ತಿದ್ದ. ಮಾಮ ದಾಟಿ ಹೋದವನು ತಿರುಗಿ ಬಂದು ಅಲುಗಿಸಿದ.

“ನಿದ್ದೆ ಮಾಡೋಕೂ ನಿನ್ನ ಅಪ್ಪಣೆ ಬೇಕೇನೋ?”

“ಏನಿಲ್ಲ ತಾತ, ಮಲ್ಕೊಳ್ಳಿ.”

ಮುದುಕ ಕಣ್ಣು ಮುಚ್ಚಿದ. ಮಾಮ ಮತ್ತೆ ಎಬ್ಬಿಸಿದ.