ಮಗಳ ಬ್ರೇಕ್ ಪ್ಯಾಡು, ಅಪ್ಪನ ಹಟ

ಇನ್ನಂಜೆಯ ವಿಠಲ ಪೂಜಾರಿಗೆ ಮಗಳ ಮೇಲೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಅವಳು ಅಂಗಳದಲ್ಲಿ ಕಾರು ತಿರುಗಿಸಿದರೆ ಸಾಕಿತ್ತು. ಮಸ್ಕತ್ತಿನಲ್ಲಿ ಅರ್ಧ ಆಯುಷ್ಯ ಟ್ರೈಲರ್ ಓಡಿಸಿ ಬಂದ ಮನುಷ್ಯ. ಊರಿಗೆ ಮರಳಿದ ಮೇಲೆ ಅವನಿಗೆ ಉಳಿದದ್ದು ಒಂದೇ ಡ್ರೈವರ್ ಕೆಲಸ: ತಿಂಗಳಿಗೊಮ್ಮೆ ಹೆಂಡತಿ ಮನೋರಮಾಳನ್ನು ಕಣ್ಣಿನ ಇಂಜೆಕ್ಷನ್ನಿಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು. ಅವಳು ಪಕ್ಕದ ಸೀಟಿನಲ್ಲಿ ನಿಶ್ಚಿಂತೆಯಿಂದ ತೂಕಡಿಸಿದರೆ ಅವನಿಗೆ ಬಿರುದು ಸಿಕ್ಕಷ್ಟು ಹೆಮ್ಮೆ. ಆ ಸ್ಟಿಯರಿಂಗನ್ನೂ ಮಗಳು ಕಿತ್ತುಕೊಂಡರೆ ತಾನು ಆ ಮನೆಯಲ್ಲಿ ಎಂತಕ್ಕೆ ಎಂಬ ಉರಿ ಅವನ ಹೊಟ್ಟೆಯಲ್ಲಿ ಸದಾ ಇತ್ತು.

ಕಾರು ಮಗಳದ್ದೇ. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಲ್ಯಾಬ್ ಕಲಿಸುವ ದೀಕ್ಷಿತಾ ತನ್ನ ಸಂಬಳದಲ್ಲಿ ಕೊಂಡದ್ದು. ಆದರೆ ಮನೆಯಲ್ಲಿದ್ದಾಗ ಕೀ ಮಾತ್ರ ಅಪ್ಪನ ಕಿಸೆಯಲ್ಲಿ. ಅವಳು ವರ್ಷಕ್ಕೆ ಒಂದೆರಡು ಸಲ ಅದೇ ಕಾರನ್ನು ಕೊಯಮತ್ತೂರಿಗೆ ಒಯ್ದು ಅಲ್ಲಿನ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬರುತ್ತಿದ್ದಳು. ಪಂದ್ಯವಲ್ಲ, ಬಹುಮಾನವಿಲ್ಲ, ಹಣ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಕಾರನ್ನು ಸುತ್ತು ಹೊಡೆಸುವ ದಿನ. ಕಾಸು ಕೊಟ್ಟು ಟಯರು ಸವೆಸುವ ಈ ಹುಚ್ಚನ್ನು ಕೇಳಿದರೇ ವಿಠಲನ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕಂಡಕಂಡವರ ಮುಂದೆ ಅವಳನ್ನು 'ರೇಸಿನ ರಾಣಿ' ಎಂದೇ ಕರೆಯುತ್ತಿದ್ದ. ಅವಳೂ ಬಾಯಿ ಮುಚ್ಚಿ ಕೂರುವವಳಲ್ಲ; ಅಪ್ಪ ಗೇರ್ ಹಾಕುವ ಸದ್ದಿಗೆ ಪಕ್ಕದೂರು ಕಟಪಾಡಿಯವರು ಎದ್ದು ಕೂರುತ್ತಾರೆ ಎನ್ನುತ್ತಿದ್ದಳು.

ಈ ಬೇಸಗೆಯ ಕೊನೆಗೆ ಜಗಳ ಹತ್ತಿದ್ದು ಬ್ರೇಕ್ ಪ್ಯಾಡಿನ ಮೇಲೆ. ಹಳೆಯವು ಸವೆದಿದ್ದವು. ಕಟಪಾಡಿಯ ಅಲೋಶಿಯಸನ ಗ್ಯಾರೇಜಿನಲ್ಲಿ ದೀಕ್ಷಿತಾ ಹೊಸತನ್ನು ಆರಿಸುತ್ತಿದ್ದಳು. ಕಾವಲಿಗೆ ಬಂದವನಂತೆ ವಿಠಲನೂ ಹೋಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಕಂಪನಿಯದ್ದೇ ಹಾಕಿದರೆ ಟ್ರ್ಯಾಕಿನಲ್ಲಿ ಸ್ವಲ್ಪ ಹೊತ್ತಿಗೇ ಕಾದು ವಾಸನೆ ಬರ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ," ಎಂದಳು ಅವಳು.

"ಹಾಗಾದರೆ ಪೂರಾ ರೇಸಿನದ್ದೇ ಹಾಕುವ," ಎಂದ ಅಲೋಶಿಯಸ್.

"ಅದು ಬಿಸಿಯಾದ ಮೇಲಷ್ಟೇ ಸರಿಯಾಗಿ ಕಚ್ಚುವುದು. ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಎದುರಿಗೆ ದನ ಬಂದರೆ?"

"ಎರಡು ಸೆಟ್ ಇಟ್ಟುಕೊಳ್ಳಿ. ಹೋಗುವಾಗ ಒಂದು, ಬಂದ ಮೇಲೆ ಒಂದು. ನಾನು ಬದಲಿಸಿ ಕೊಡ್ತೇನೆ."

"ಬದಲಿಸುವುದು ತಡವಾಗಿ, ಅಷ್ಟರಲ್ಲಿ ಅಮ್ಮ ಕಾರು ಹತ್ತಿದರೆ ಎಂತ ಮಾಡುವುದು? ಬೇಡ. ಎರಡಕ್ಕೂ ಆಗುವ ನಡುವಿನದ್ದು ಹಾಕಿ. ತಣ್ಣಗಿರುವಾಗಲೂ ಹಿಡಿಯಬೇಕು. ಟ್ರ್ಯಾಕಿನಲ್ಲಿ ನಾನೇ ಬೇಗ ನಿಲ್ಲಿಸಿ ಕಾರು ತಣಿಸಿಕೊಳ್ತೇನೆ."

ಇಷ್ಟು ಮಾತಿನಲ್ಲಿ ವಿಠಲನ ಕಿವಿಗೆ ಬಿದ್ದದ್ದು ಟ್ರ್ಯಾಕ್ ಮತ್ತು ರೇಸ್ ಎಂಬ ಎರಡೇ ಶಬ್ದ. ಅಮ್ಮನ ಹೆಸರು ಅವನಿಗೆ ಕೇಳಿಸಲೇ ಇಲ್ಲ. ಕೇಳಿಸಿಕೊಳ್ಳಲು ಅವನು ಹೋಗಿರಲೂ ಇಲ್ಲ.

"ನಾನು ಇಡೀ ಒಮಾನ್ ಸುತ್ತಿದ್ದೇನೆ. ಕಂಪನಿ ಕೊಟ್ಟ ಬ್ರೇಕ್ ಬಿಟ್ಟು ಬೇರೆ ಹಾಕಿದವನಲ್ಲ," ಎಂದ.

"ಆ ಟ್ರೈಲರಿಗೆ ನೀವು ಹೇಳಿದ್ದೇ ಸರಿ. ಈ ಕಾರು ನನ್ನದು," ಎಂದಳು ಮಗಳು.

ಅಲೋಶಿಯಸನ ಎದುರಿಗೇ ಮುಖಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಂದವನು ಹೆಂಡತಿಗೆ ಹೇಳಿಯೇಬಿಟ್ಟ: ಇನ್ನು ಈ ಹುಡುಗಿ ಓಡಿಸುವ ಕಾರಿನಲ್ಲಿ ನೀನು ಕೂರಬಾರದು, ರೇಸಿನ ಬ್ರೇಕ್ ಹಾಕಿಸಿದ್ದಾಳೆ, ಯಾವತ್ತು ಕೈ ಕೊಡುತ್ತದೋ ಗೊತ್ತಿಲ್ಲ. ಅಪ್ಪ ಮಗಳ ಕಚ್ಚಾಟ ಕೇಳಿ ಕೇಳಿ ಸೋತಿದ್ದ ಮನೋರಮಾ, "ಮೊದಲು ಊಟ ಮಾಡಿ," ಎಂದಳು.

ಕಡಲ ಬದಿಯವರಿಗೆ ಮಳೆಗಾಲದ ಮೊದಲು ಕಾರಿನ ಅಡಿಗೆ ಆಯಿಲ್ ಹೊಡೆಸುವುದು ಒಂದು ವಾಡಿಕೆ. ಉಪ್ಪು ಗಾಳಿಗೆ ತಗಡಿಗೆ ತುಕ್ಕು ಹಿಡಿಯುತ್ತದೆ, ಎಣ್ಣೆ ಇದ್ದರೆ ಉಳಿಯುತ್ತದೆ. ವಿಠಲ ಪ್ರತಿ ವರ್ಷ ತಾನೇ ಹೆದ್ದಾರಿ ಬದಿಯ ವಾಷಿಂಗ್ ಸೆಂಟರಿಗೆ ಹೋಗುತ್ತಿದ್ದ. ಎಣ್ಣೆ ಹಾರಿ ಬ್ರೇಕಿಗೆ ತಾಗದ ಹಾಗೆ ಹಳೆಯ ಗೋಣಿಗಳಿಂದ ಚಕ್ರದ ಒಳಭಾಗ ಮುಚ್ಚಿಸಿದ ಮೇಲೇ ಎಣ್ಣೆ ಹೊಡೆಯುವ ಪೈಪಿನವನಿಗೆ ಶುರು ಮಾಡು ಎನ್ನುತ್ತಿದ್ದ. ಆ ವಿಷಯದಲ್ಲಿ ಅವನು ಒಬ್ಬ ಪಕ್ಕಾ ಡ್ರೈವರ್. ಈ ವರ್ಷವೂ ಗೋಣಿ ತಂದಿದ್ದ. ಆದರೆ ಅಲ್ಲಿ ಪರಿಚಯದವರು ನಾಲ್ಕು ಮಂದಿ ಸಿಕ್ಕಿದರು. ನಾಲ್ಕು ಮಂದಿ ಸಿಕ್ಕಿದರೆ ಅವನಿಗೆ ಮಗಳ ವಿಷಯ ಬಿಟ್ಟು ಬೇರೆ ಮಾತು ಉಂಟೇ? ರೇಸಿನ ರಾಣಿ, ಅವಳ ಪ್ಯಾಡು, ಅವಳ ಉದ್ಧಟತನ, ಹೆತ್ತವರಿಗೆ ಎದುರು ಮಾತು. ನಗಿಸಿದ, ತಾನೂ ನಕ್ಕ. ತಿರುಗಿ ನೋಡುವಾಗ ಪೈಪಿನವನು ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಗೋಣಿಗಳು ಡಿಕ್ಕಿಯಲ್ಲೇ ಇದ್ದವು. ಮಾತಿನ ಅಮಲಿನಲ್ಲಿದ್ದವನಿಗೆ ಅವುಗಳ ನೆನಪೂ ಬರಲಿಲ್ಲ.

ಹೆದ್ದಾರಿಗೆ ಇಳಿಯುವಾಗ ಬ್ರೇಕ್ ಒತ್ತಿದ. ಕಾರು ಜಾರಿದ ಹಾಗೆ ಮುಂದಕ್ಕೆ ಹೋಗಿ, ಒಂದು ಬದಿಗೆ ಎಳೆದು, ತಡವಾಗಿ ನಿಂತಿತು. ಯಾರಿಗಾದರೂ ಎದೆ ಧಸಕ್ಕೆನ್ನಬೇಕಿತ್ತು. ವಿಠಲನಿಗೆ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ನೋಡಿದಿರಾ ಮಗಳ ಬ್ರೇಕಿನ ಚಂದ, ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆ ಸಂಜೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮಣಿಪಾಲಕ್ಕೆ ಹೋಗಿ ಬಂದ ಮೇಲೆ, ಮನೋರಮಾಳನ್ನೇ ಸಾಕ್ಷಿಗೆ ನಿಲ್ಲಿಸಿ ಮಗಳ ಬಾಯಿ ಮುಚ್ಚಿಸಬೇಕೆಂದು ಲೆಕ್ಕ ಹಾಕಿದ್ದ.

ಆಸ್ಪತ್ರೆಯ ದಿನ ದೀಕ್ಷಿತಾ ಕಾರು ಬಿಟ್ಟು ಬಸ್ಸಿನಲ್ಲಿ ನಿಟ್ಟೆಗೆ ಹೋಗುತ್ತಿದ್ದಳು. ಮರುದಿನ ಅದೇ ಆಸ್ಪತ್ರೆಯ ದಿನ; ಬಸ್ಸಿನಲ್ಲೇ ಹೋದಳು. ಅವಳು ಹೋದ ಮೇಲೆ ಇವರಿಬ್ಬರು ಹೊರಟರು. ಕಟಪಾಡಿ ಜಂಕ್ಷನ್ನಿನಲ್ಲಿ ಮೀನಿನ ಟೆಂಪೋ ಎದುರಿಗೆ ನಿಂತಿತು. ವಿಠಲ ಬ್ರೇಕ್ ಒತ್ತಿದ, ಮತ್ತೂ ಒತ್ತಿದ, ಸೀಟಿನಿಂದ ಎದ್ದು ನಿಂತ ಹಾಗೆ ಒತ್ತಿದ. ಕಾರು ಹೋಗಿ ಟೆಂಪೋದ ಹಿಂಬದಿಗೆ ಗುದ್ದಿತು. ಬೆಲ್ಟು ಎದೆಗೆ ಬಿಗಿದು ಮನೋರಮಾಳ ಉಸಿರು ಕಟ್ಟಿತು; ಕನ್ನಡಕ ಹಾರಿ ಕಾಲಡಿ ಬಿತ್ತು. ಮೊದಲೇ ಕಣ್ಣು ಮಂಜಾದವಳು ಎರಡೂ ಕೈ ಚಾಚಿ ಡ್ಯಾಶ್‌ಬೋರ್ಡ್ ತಡವುತ್ತಿದ್ದಳು. ಅವಳ ಕನ್ನಡಕ ಹೆಕ್ಕಿಕೊಡುವ ಮೊದಲು ವಿಠಲ ಮಗಳಿಗೆ ಫೋನ್ ಮಾಡಿದ.

"ನಿನ್ನ ರೇಸಿನ ಬ್ರೇಕ್ ನಿನ್ನ ಅಮ್ಮನನ್ನು ಕೊಲ್ಲುತ್ತಿತ್ತು," ಎಂದ.

ಕಾರನ್ನು ಅಲೋಶಿಯಸನ ಗ್ಯಾರೇಜಿಗೆ ದೂಡಿಸಿದರು. ಮನೋರಮಾ ಅಲ್ಲೇ ಕುರ್ಚಿಯಲ್ಲಿ ಎದೆ ನೀವಿಕೊಳ್ಳುತ್ತಾ ಕುಳಿತಳು. ದೀಕ್ಷಿತಾ ನಿಟ್ಟೆಯಿಂದ ಅರ್ಧ ದಿನದ ರಜೆ ಹಾಕಿ ಬಂದಳು. ಅಪ್ಪನ ಕಡೆ ನೋಡದೆ ಅಮ್ಮನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಕೈ ಹಿಡಿದುಕೊಂಡಳು.

ಅಲೋಶಿಯಸ್ ಚಕ್ರ ಬಿಚ್ಚಿದ. ಪ್ಯಾಡನ್ನು ಹೊರತೆಗೆದು, ಬೆರಳಿನಿಂದ ಉಜ್ಜಿ, ಮೂಸಿ ನೋಡಿದ.

"ಇದು ಎಣ್ಣೆ ಕುಡಿದಿದೆ, ಮತ್ತೆ ಹಿಡಿಯುವುದು ಹೇಗೆ? ವಿಠಲಣ್ಣ, ಕಾರಿನ ಅಡಿಗೆ ಆಯಿಲ್ ಹೊಡೆಸಿದಿರಾ?"

"ಪ್ರತಿ ವರ್ಷ ಹೊಡೆಸುತ್ತೇನೆ."

"ಚಕ್ರ ಮುಚ್ಚಿದ್ದಿರಾ?"

ವಿಠಲನ ಕಣ್ಣು ಡಿಕ್ಕಿಯ ಕಡೆ ಹೋಯಿತು. ಡಿಕ್ಕಿಯೊಳಗಿನ ಗೋಣಿ ಆಗ ನೆನಪಾಯಿತು. ಬೆನ್ನ ಹಿಂದೆ ಮಗಳು ಎದ್ದು ನಿಂತದ್ದು ಅವನಿಗೆ ಗೊತ್ತಾಯಿತು. ಸೋಲುವುದಾದರೆ ಯಾರ ಎದುರಿಗೂ ಸೋತಾನು, ಅವಳೆದುರು ಮಾತ್ರ ಆಗದು.

"ಎಣ್ಣೆ ಅಂತೆ ಎಣ್ಣೆ," ಎಂದು ಗದರಿದ. "ನನಗೆ ಹೇಳಿಕೊಡಬೇಡ ಮಾರಾಯ. ಬ್ರೇಕ್ ಇವತ್ತು ಹೋದದ್ದಲ್ಲ. ನಿನ್ನೆ ನಾನು ಹೆದ್ದಾರಿಗೆ ಇಳಿಯುವಾಗಲೇ ಹಿಡಿಯುತ್ತಿರಲಿಲ್ಲ. ನಿನ್ನೆಯೇ ನನಗೆ ಗೊತ್ತಿತ್ತು."

ಗೆದ್ದೆ ಎಂದುಕೊಂಡು ಅವನು ಮಗಳ ಕಡೆ ತಿರುಗಿದ. ಉತ್ತರ ಬಂದದ್ದು ಕುರ್ಚಿಯಿಂದ.

"ನಿನ್ನೆಯೇ ಗೊತ್ತಿತ್ತಾ?" ಎಂದು ಮನೋರಮಾ ಕೇಳಿದಳು.

"ಹೌದು, ಹೇಳಿದೆನಲ್ಲ."

"ಗೊತ್ತಿದ್ದೂ ಇವತ್ತು ನನ್ನನ್ನು ಕೂರಿಸಿಕೊಂಡು ಬಂದಿರಿ."

ವಿಠಲ ಏನೋ ಹೇಳಲು ಹೊರಟ. ನಿಧಾನವಾಗಿಯೇ ಬಂದೆ ಎನ್ನಬೇಕೆಂದಿದ್ದ. ಹೇಳದೆ ಮಗಳ ಕಡೆ ನೋಡಿದ. ದೀಕ್ಷಿತಾ ಅವನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ರಸ್ತೆಗೆ ಹೋಗಿ ರಿಕ್ಷಾ ಕರೆದು ತಂದಳು.

"ಇಂಜೆಕ್ಷನ್ನಿಗೆ ಹೊತ್ತಾಯಿತು. ನಾನು ಮುಂದೆ ಡ್ರೈವರನ ಹತ್ತಿರ ಕೂರುತ್ತೇನೆ," ಎಂದು ವಿಠಲ ಹಿಂದೆಯೇ ಹೋದ.

ಮನೋರಮಾ ಮಗಳ ತೋಳು ಹಿಡಿದು ಹತ್ತಿ, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಸೆರಗು ಒಳಗೆಳೆದುಕೊಂಡಳು.

"ನೀವು ಬೇಡ," ಎಂದಳು. ಆಮೇಲೆ ಡ್ರೈವರನಿಗೆ, "ಹೋಗುವ," ಎಂದಳು.