ಕಾಕಾನ ಹೊಟ್ಟೆಯ ಮೇಲಿನ ಗೆರೆ

ಕುಂಕುಮವನ್ನು ಹಣೆಗೆ ಹಚ್ಚುತ್ತಾರೆ. ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಗಂಡನ ಹೊಟ್ಟೆಗೆ ಹಚ್ಚುತ್ತಾಳೆ. ನಗಬೇಡಿ, ಪೂರ್ತಿ ಕೇಳಿ.

ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಕಾಕಾನಿಗೆ ರಕ್ತದ ರೋಗ. ಬಿಳಿ ಕಣಗಳು ಮಿತಿಮೀರುತ್ತವಂತೆ, ಎಡಪಕ್ಕೆಯ ಕೆಳಗೆ ಗುಲ್ಮವೆಂಬ ಅಂಗ ಊದಿ ಗಡ್ಡೆಯಾಗುತ್ತದಂತೆ. ಹೆಸರು ಲ್ಯೂಕೀಮಿಯಾ. (ಹೇಳಲು ಕಲಿಯುವುದರೊಳಗೆ ನನ್ನ ನಾಲಿಗೆ ಸೋತಿತು.) ಪೂರ್ತಿ ವಾಸಿಯಾಗುವಂಥದ್ದಲ್ಲ, ಎಕ್ಸ್‌ರೇ ಕಿರಣ ಕೊಟ್ಟರೆ ಗಡ್ಡೆ ಹಿಂದೆ ಸರಿಯಬಹುದು ಎಂದರು ಕೊಲ್ಹಾಪುರದ ಡಾಕ್ಟರು.

ಸರಿಯಿತೋ ಇಲ್ಲವೋ ತಿಳಿಯುವುದು ಹೇಗೆ? ರಕ್ತ ತೆಗೆದು ನೋಡೋಣವೆಂದರೆ, ಸೂಜಿ ಕಂಡರೆ ಕಾಕಾ ಬಾಗಿಲು ಹುಡುಕುವವ. ಡಾಕ್ಟರು ಹೊಟ್ಟೆ ಒತ್ತಿ, ಗಡ್ಡೆ ಮುಗಿಯುವಲ್ಲಿ ನೇರಳೆ ಪೆನ್ಸಿಲಿನಿಂದ ಗೆರೆ ಎಳೆದರು. "ಗಡ್ಡಿ ಈ ಗೆರಿ ಬಿಟ್ಟು ಮ್ಯಾಲ ಸರದ್ರ ಗೆದ್ದಂಗ. ಅಳಿಸಬ್ಯಾಡ್ರಿ."

ಅಳಿಸಬೇಡಿ! ಬೆಳಿಗ್ಗೆ ಜಳಕ ಮಾಡದೆ ಬಸದಿಯ ಮೆಟ್ಟಿಲು ಹತ್ತದ ಜೈನನಿಗೆ ಹೇಳುವ ಮಾತೇ ಇದು?

ಎಕ್ಸ್‌ರೇ ಮುಗಿದು ಕೆಲವು ವಾರಗಳಾದ ಮೇಲೆ, ಮೊನ್ನೆ ಕಾಕಾ, ಕಾಕು, ನಾನು ಮೂವರೂ ಮತ್ತೆ ಕೊಲ್ಹಾಪುರಕ್ಕೆ ಹೋದೆವು. (ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು. ಏರಿನಲ್ಲಿ ನಾವೇ ತಳ್ಳಿದೆವು.) ಡಾಕ್ಟರು ಒತ್ತಿ ನೋಡಿದರು. ಗಡ್ಡೆಯ ಅಂಚು ಸರಿಯಾಗಿ ಗೆರೆಯ ಮೇಲೇ ಇತ್ತು.

"ಏನೂ ಸರದಿಲ್ಲರಿ," ಎಂದರು. ಕಾಕಾ ಕಣ್ಣು ಮುಚ್ಚಿದ.

"ಆದ್ರ ಗೆರಿ ಕೆಂಪ್ ಯಾಕೈತಿ?"

ಕಾಕು ಸೆರಗು ಎಳೆದುಕೊಂಡಳು. "ನಿಮ್ಮ ಗೆರಿ ಜಳಕದಾಗ ಹೋತ್ರಿ. ದಿನಾ ನಾನ ಕೈಯಾಡಿಸಿ, ಗಡ್ಡಿ ಎಲ್ಲಿ ಮುಗೀತೈತಿ ಅಲ್ಲೇ ಕುಂಕುಮ ಎಳಿತೇನಿ. ನೀವೂ ಹಂಗ ಮಾಡಿದ್ರಲ್ಲಾ?"

"ದಿನಾ ಹೊಸಾ ಜಾಗಾದಾಗ?"

"ಹೌದ್ರಿ. ಅದು ಮ್ಯಾಲ ಹೊಂಟಿತ್ತು, ನಾನೂ ಬೆನ್ನ ಹತ್ತಿದೆ."

"ನನ್ನ ಗೆರಿ ಎಲ್ಲಿತ್ತು?"

"ಹೊಕ್ಕಳದ ಕೆಳಗ್ರಿ!"

ಕುಂಕುಮದ ಗೆರೆ ಇದ್ದದ್ದು ಪಕ್ಕೆಲುಬಿನ ಹತ್ತಿರ! ಡಾಕ್ಟರು ಮೇಜು ಬಡಿದು ನಕ್ಕರು. "ವ್ಹಾ ವಹಿನಿ, ವ್ಹಾ!" ಕಾಕಾ ಎದ್ದು ಕೂತ. "ಅಯ್ಯ ಇವಳ! ಬರೇ ಕಚಗುಳಿ ಇಡಾಕತ್ತಾಳ ಅಂತ ತಿಳಕೊಂಡಿದ್ದೆ!" ನಾನಂತೂ ಆನಂದಕ್ಕೆ ಅತ್ತುಬಿಟ್ಟೆ.

ಇನ್ನೂ ದಿನಾ ನೋಡುತ್ತಿರಬೇಕಂತೆ, ಗಡ್ಡೆ ಕೆಳಗಿಳಿದರೆ ಓಡಿ ಬರಬೇಕಂತೆ. ಇಷ್ಟು ವರ್ಷ ಅಡುಗೆಮನೆಯ ಬಾಗಿಲಿನಿಂದಲೇ ಮಾತಾಡಿ ಸಂಸಾರ ಮಾಡಿದ ಇಬ್ಬರು ಈಗ ಬೆಳಿಗ್ಗೆ ಒಟ್ಟಿಗೆ ಕೂತು ನಗುತ್ತಾರೆ.

ಹೌದು, ನೀವು ನಿಮ್ಮ ಮನೆಯವರ ಮೈ ಮುಟ್ಟಿ ನೋಡಲು ಯಾವ ರೋಗ ಬರಬೇಕು?