ಭಾರ್ಗವ ಸಾರ್ ಅವರ ಬೈಟು ಕಾಫಿ

ಜಯನಗರ ನಾಲ್ಕನೇ ಬ್ಲಾಕಿನ ವೀಸಾ ಸಲಹೆಗಾರ ಭಾರ್ಗವ ಸಾರ್‌ಗೆ ಯಾರ ಹೆಸರೂ ನೆನಪಿರಲ್ಲ, ಓದಿದ ಯೂನಿವರ್ಸಿಟಿ ಮಾತ್ರ ಮರೆಯಲ್ಲ, ತರಕಾರಿ ಅಂಗಡೀಲಿ ಕಂಡರೂ "ಏನಮ್ಮ ಟೊರಾಂಟೊ, ಚೆನ್ನಾಗಿದೀಯಾ?" ಅಂತಾರೆ. ಹೊರದೇಶದ ದೊಡ್ಡ ಯೂನಿವರ್ಸಿಟಿಗಳಲ್ಲಿ ಓದು ಮುಗಿಸಿದವರಿಗೆ ಕೆಲವು ದೇಶಗಳು, ಕೈಯಲ್ಲಿ ಕೆಲಸ ಇಲ್ಲದಿದ್ದರೂ, ಕೆಲಸದ ವೀಸಾ ಕೊಡುತ್ತವೆ. ಆದರೆ ಯೂನಿವರ್ಸಿಟಿಯ ಹೆಸರು, ಓದು ಮುಗಿಸಿದ ವರ್ಷ ಆ ದೇಶ ಹೊರಡಿಸಿದ ಪಟ್ಟಿಯಲ್ಲಿರಬೇಕು. ಆ ಪಟ್ಟಿ ನಮ್ಮ ಸಾರ್‌ಗೆ ಸಹಸ್ರನಾಮದ ಹಾಗೆ ಬಾಯಿಪಾಠ. ಹೆಸರಿದ್ದರೆ ಕೂತ್ಕೊಳ್ಳಿ ಅಂತಲೂ ಅನ್ನಲ್ಲ. "ಆಯ್ತು, ಸ್ವೆಟರ್ ತಗೊಂಡು ಹೊರಡಿ" ಅಂತ ಕಳಿಸಿಬಿಡ್ತಾರೆ. ಇಲ್ಲದಿದ್ದರೆ ಮಾತ್ರ ಅದನ್ನ ಹೇಳೋಕೆ ಅವರಿಗೆ ಬಾಯೇ ಬರಲ್ಲ. ಕುರ್ಚಿ ಎಳೆದು ಹಾಕಿ, ಕಿಟಕಿಯಿಂದ ಕೆಳಗಿನ ದರ್ಶಿನಿಗೆ "ಒಂದು ಬೈಟು ಕಾಫಿ" ಅಂತ ಕೂಗಿ, ಒಂದು ಕಾಫಿ ಎರಡು ಲೋಟದಲ್ಲಿ ಬಂದ ಮೇಲೆ ತಮ್ಮ ಅರ್ಧದಿಂದಲೂ ಒಂದಿಷ್ಟು ಎದುರಿನವರ ಲೋಟಕ್ಕೆ ಬಗ್ಗಿಸಿ, ಆಮೇಲೆ ಮೆತ್ತಗೆ ಹೇಳ್ತಾರೆ. ನನಗೂ ಹಾಗೇ ಹೇಳಿದ್ದು; ಈಗ ಅವರ ಆಫೀಸಲ್ಲೇ ಕೆಲಸ ಮಾಡ್ತೀನಿ. ಹೋದ ತಿಂಗಳು ಹೊಸ ಪಟ್ಟಿ ಬಂದ ದಿನ, ಹೊರದೇಶದಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದ ಅವರ ಮಗಳು ವಿಭಾ ಆಫೀಸಿಗೇ ಬಂದಳು. "ಏನಾಯ್ತಪ್ಪ ನಂದು?" ಅಂದಳು. ಸಾರ್ ಕುರ್ಚಿ ಎಳೆದು ಹಾಕಿದರು. ಅವಳು ಕೂರಲಿಲ್ಲ. ತಾನೇ ಕಿಟಕಿಗೆ ಹೋಗಿ ಬೈಟು ಕೂಗಿದಳು. ಕಾಫಿ ಬಂದ ಮೇಲೆ, ತನ್ನ ಅರ್ಧದಿಂದ ಒಂದಿಷ್ಟು ಅಪ್ಪನ ಲೋಟಕ್ಕೆ ಬಗ್ಗಿಸಿದಳು.